111 ಬಂದರೆ 111 ಅಂತಲೇ ಬರೆಯಿರಿ

ಹೋದ ವಾರ ಕುಶಾಲನಗರದಿಂದ ಒಬ್ಬ ಹುಡುಗ ಮನೆಗೆ ಬಂದಿದ್ದ. ಎಂಜಿನಿಯರಿಂಗ್ ಮುಗಿಸಿದ್ದಾನೆ. ವಿಯೆನ್ನಾದ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಗೆ, ಅಂದರೆ ಐಎಇಎಗೆ, ಅರ್ಜಿ ಹಾಕಬೇಕು ಅನ್ನೋದು ಅವನ ಆಸೆ. ಅಲ್ಲಿ ಇನ್ಸ್‌ಪೆಕ್ಟರ್‌ಗಳಿಗೆ ಕೊಡುವ ತರಬೇತಿಗೆ ನೆರವಾಗುವ ಕೆಲಸ. ಆ ಬಗೆಯ ಕೆಲಸದಲ್ಲೇ ನಾನು ವರ್ಷಗಟ್ಟಲೆ ಕಳೆದವನು ಅಂತ ಯಾರೋ ಹೇಳಿದ್ದರಂತೆ. ಪುಸ್ತಕದ ಓದಿನಲ್ಲಿ ಹುಡುಗ ಗಟ್ಟಿ. ಯುರೇನಿಯಂ, ಪ್ಲುಟೋನಿಯಂ, ಗಾಮಾ ಕಿರಣ, ಏನು ಕೇಳಿದರೂ ಉತ್ತರ ಸಿದ್ಧ.

ನಾನು ಗೋಡೌನಿನ ಬೀಗದ ಕೈ ಕೊಟ್ಟೆ. ದಾಸ್ತಾನು ಪುಸ್ತಕ ಕೊಟ್ಟೆ. "ರೋಬಸ್ಟಾ ಕಾಫಿ ಚೆರ್ರಿ ಚೀಲ ಎಷ್ಟಿದೆ ಎಣಿಸಿ ಬಾಪ್ಪಾ. ಹತ್ತಕ್ಕೊಂದರಂತೆ ತೂಕವನ್ನೂ ಹಾಕು" ಅಂದೆ.

ಒಂದೂವರೆ ಗಂಟೆ ಬಿಟ್ಟು ಬಂದ. ಅಂಗಿಯೆಲ್ಲ ದೂಳು. ಹಾಳೆ ಮಾತ್ರ ಅಚ್ಚುಕಟ್ಟು. ಪುಸ್ತಕದಲ್ಲಿ 112, ಎಣಿಸಿದ್ದು 112, ವ್ಯತ್ಯಾಸ 0. ತೂಕದ ಸಾಲಿನಲ್ಲಿ 50, 50, 50, ಕೆಳಗಿನ ತನಕ ಅದೇ.

ಆದರೆ ಬೆಳಿಗ್ಗೆ ನಾನೇ ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಹತ್ತಿರ ಒಂದು ಚೀಲ ಹೊರಿಸಿ ಹಿಂದಿನ ಜಗಲಿಯಲ್ಲಿ ಇಡಿಸಿದ್ದೆ. ಒಳಗೆ ಇದ್ದದ್ದು 111.

ಕೇಳಿದೆ. ಹುಡುಗ ಸುಳ್ಳು ಹೇಳಲಿಲ್ಲ. "ಸಾರ್, ಎರಡು ಸಲ ಎಣಿಸಿದೆ, 111 ಬಂತು. ಪುಸ್ತಕದಲ್ಲಿ 112 ಇತ್ತಲ್ವಾ, ನನ್ನ ಕಣ್ಣೇ ತಪ್ಪಿರಬೇಕು ಅಂತ ಹಾಗೆ ಬರೆದೆ. ತೂಕ ಒಂದು ಕಿಲೋ ಅರ್ಧ ಕಿಲೋ ಹೆಚ್ಚುಕಮ್ಮಿ ಇತ್ತು, 50 ಅಂತ ಮಾಡಿದೆ."

ಈ ಮಾತನ್ನು ನಾನು ಎಷ್ಟು ದೇಶದವರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಅದಕ್ಕೇ ಈ ಅಂಕಣ. (ನಾನು ಯಾವ ಸಂಸ್ಥೆಯ ಪರವಾಗಿಯೂ ಬರೆಯುತ್ತಿಲ್ಲ. ಯಾವ ಸ್ಥಾವರದಲ್ಲಿ ಏನು ಕಂಡೆ ಅಂತ ಹೇಳುವ ಹಾಗೂ ಇಲ್ಲ. ಆ ಮಿತಿಯೊಳಗೇ ಬರೆಯುತ್ತೇನೆ.)

ಇನ್ಸ್‌ಪೆಕ್ಟರ್ ಅಂದ ಕೂಡಲೇ ನಮ್ಮ ಕಡೆ ಪೊಲೀಸ್ ನೆನಪಾಗುತ್ತದೆ. ಇವರು ಪೊಲೀಸ್ ಅಲ್ಲ. ಒಂದು ದೇಶ ತನ್ನ ಪರಮಾಣು ವಸ್ತುವಿನ ಲೆಕ್ಕವನ್ನು ತಾನೇ ಒಪ್ಪಿಸುತ್ತದೆ. ಆ ಲೆಕ್ಕ ಸ್ಥಳದಲ್ಲಿರುವ ವಸ್ತುವಿಗೆ ತಾಳೆಯಾಗುತ್ತದೋ ಇಲ್ಲವೋ ಅಂತ ಇವರು ಹೋಗಿ ನೋಡುತ್ತಾರೆ. ಎಣಿಸುತ್ತಾರೆ, ತೂಗುತ್ತಾರೆ, ಅಳೆಯುತ್ತಾರೆ, ಮುದ್ರೆ ಹಾಕುತ್ತಾರೆ. "ಹಾಗಾದರೆ ಕೈಗಾಗೂ ಬರ್ತಾರಾ?" ಅಂತ ಇಲ್ಲಿ ಎಲ್ಲರೂ ಕೇಳುತ್ತಾರೆ. ಭಾರತ 2009ರಲ್ಲಿ ಐಎಇಎ ಜೊತೆ ಸಹಿ ಹಾಕಿದ ತಪಾಸಣೆ ಒಪ್ಪಂದದ ಪಟ್ಟಿಯಲ್ಲಿ ತಾರಾಪುರದ ಹಳೆಯ ಎರಡು ರಿಯಾಕ್ಟರ್, ರಾಜಸ್ಥಾನದ ಕೆಲವು, ಕೂಡಂಕುಳಂ ಇವೆಲ್ಲ ಇವೆ. ಕೈಗಾದಲ್ಲಿ ಈಗಾಗಲೇ ಕಟ್ಟಿರುವ ನಾಲ್ಕು ರಿಯಾಕ್ಟರ್‌ಗಳು ಆ ಪಟ್ಟಿಯಲ್ಲಿಲ್ಲ.

ಈಗ ವ್ಯತ್ಯಾಸದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ರಿಯಾಕ್ಟರ್‌ನ ಇಂಧನ ಕಂತೆಗಳು ಬಿಡಿಬಿಡಿ ವಸ್ತು. ಒಂದೊಂದಕ್ಕೂ ನಂಬರ್ ಇದೆ. ಅಲ್ಲಿ ಲೆಕ್ಕ ಸರಿಯಾಗಿ ಕೂಡಲೇಬೇಕು, ಒಂದು ಕಡಿಮೆ ಬಂದರೂ ದೊಡ್ಡ ಸಂಗತಿ. ಆದರೆ ಇಂಧನ ತಯಾರಿಸುವ ಕಡೆ, ಬಳಸಿದ ಇಂಧನವನ್ನು ಕರಗಿಸಿ ಪ್ಲುಟೋನಿಯಂ ಬೇರ್ಪಡಿಸುವ ಕಡೆ, ವಸ್ತು ಪುಡಿಯಾಗಿರುತ್ತದೆ, ದ್ರವವಾಗಿರುತ್ತದೆ. ಕೊಳವೆಯೊಳಗೆ ಅಂಟಿಕೊಳ್ಳುತ್ತದೆ. ಕಸದ ಜೊತೆ ಒಂದಿಷ್ಟು ಹೋಗುತ್ತದೆ. ಮೊದಲಿದ್ದ ದಾಸ್ತಾನಿಗೆ ಒಳಬಂದದ್ದನ್ನು ಕೂಡಿಸಿ, ಹೊರಹೋದದ್ದನ್ನು ಕಳೆದು, ಈಗ ಅಳೆದು ಸಿಕ್ಕಿದ್ದರ ಜೊತೆ ಹೋಲಿಸಿದರೆ ಏನೋ ಒಂದು ಅಂಕಿ ಉಳಿಯುತ್ತದೆ. ಅದನ್ನು ಎಂಯುಎಫ್ ಅನ್ನುತ್ತಾರೆ, ಲೆಕ್ಕಕ್ಕೆ ಸಿಗದ ವಸ್ತು ಅಂತ ಅರ್ಥ. ಹೆಸರು ಕೇಳಿದರೆ ಕಳವಾದ ಹಾಗೆ ಕಾಣುತ್ತದೆ. ಹಾಗಲ್ಲ. ಅದು ಕಡಿಮೆಯ ಕಡೆಗೂ ಬರಬಹುದು, ಹೆಚ್ಚಿನ ಕಡೆಗೂ ಬರಬಹುದು.

ನಮ್ಮ ಕಾಫಿ ಬೆಳೆಗಾರರಿಗೆ ಇದನ್ನು ವಿವರಿಸಬೇಕಾ? ಕಣದಲ್ಲಿ ಒಣಗಿಸಿ 50 ಕಿಲೋ ತುಂಬಿಟ್ಟ ಚೀಲ ಮಳೆಗಾಲದ ತೇವ ಎಳೆದುಕೊಂಡು ಜಾಸ್ತಿ ತೂಗುತ್ತದೆ. ಬಿಸಿಲು ಬಂದ ಮೇಲೆ ಕಡಿಮೆ ತೂಗುತ್ತದೆ. ಹೊಲಿಗೆ ಬಿಟ್ಟ ಕಡೆ ನಾಲ್ಕು ಹಿಡಿ ಸೋರುತ್ತದೆ. ವರ್ಷವಿಡೀ ಪ್ರತಿ ಚೀಲವೂ 50ಕ್ಕೆ 50 ಅಂತ ಪುಸ್ತಕದಲ್ಲಿದ್ದರೆ, ತಕ್ಕಡಿಯ ಹತ್ತಿರ ಯಾರೂ ಹೋಗಿಲ್ಲ ಅಂತ ನಮಗೆ ಗೊತ್ತಾಗುತ್ತದೆ ಅಲ್ವಾ?

ಅಲ್ಲೂ ಹಾಗೇ. ಪುಡಿ, ದ್ರವ ಓಡಾಡುವ ಜಾಗದಲ್ಲಿ ತಿಂಗಳು ತಿಂಗಳೂ ಸೊನ್ನೆಯೇ ಬರುತ್ತಿದ್ದರೆ ಅನುಭವಸ್ಥ ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟು ಯೋಚನೆ ಮಾಡುತ್ತಾರೆ. ಸೊನ್ನೆ ಬಂದ ಕೂಡಲೇ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಅದು ಹೇಗೆ ಬಂತು ಅಂತ ಕೇಳಲೇಬೇಕು.

ಹಾಗಂತ ವ್ಯತ್ಯಾಸ ಸಣ್ಣ ವಿಷಯವೂ ಅಲ್ಲ. ಒಂದು ಬಾಂಬಿಗೆ ಸಾಕಾಗಬಹುದು ಅಂತ ಐಎಇಎ ಲೆಕ್ಕಕ್ಕೆ ಹಿಡಿಯುವ ಪ್ರಮಾಣ ಪ್ಲುಟೋನಿಯಂ ಆದರೆ 8 ಕಿಲೋ. ಈಗ ವರ್ಷಕ್ಕೆ 800 ಕಿಲೋ ಪ್ಲುಟೋನಿಯಂ ಹಾದುಹೋಗುವ ಒಂದು ಸ್ಥಾವರ ಇದೆ ಅಂದುಕೊಳ್ಳಿ. ಅಳತೆಯಲ್ಲಿ ನೂರಕ್ಕೆ ಒಂದು ಪಾಲು ಆಚೀಚೆ ಆದರೆ ಅದೇ 8 ಕಿಲೋ ಆಯಿತು. ಜಪಾನಿನ ತೊಕಾಯ್‌ನಲ್ಲಿರುವ ಪ್ಲುಟೋನಿಯಂ ಇಂಧನ ತಯಾರಿಕಾ ಸ್ಥಾವರದ ವಿಷಯ 1994ರಲ್ಲಿ ದೊಡ್ಡ ಸುದ್ದಿಯಾಯಿತು. ಸುಮಾರು 70 ಕಿಲೋ ಪ್ಲುಟೋನಿಯಂ, ಕೈಗವಸು ಜೋಡಿಸಿದ ಮುಚ್ಚಿದ ಪೆಟ್ಟಿಗೆಗಳ ಒಳಗೆ ಪುಡಿಯಾಗಿ ಅಂಟಿಕೊಂಡು ಉಳಿದಿತ್ತು. ಯಾರೂ ಕದ್ದಿರಲಿಲ್ಲ. ಆದರೆ ಅಷ್ಟು ವಸ್ತು ಎಲ್ಲಿದೆ ಅಂತ ತೋರಿಸುವ ತನಕ ಯಾರಿಗೂ ನೆಮ್ಮದಿ ಇರಲಿಲ್ಲ. ಪೆಟ್ಟಿಗೆಗಳನ್ನು ಬಿಚ್ಚಿ, ಪುಡಿ ತೆಗೆದು, ಮತ್ತೆ ಅಳೆಯುವ ಕೆಲಸ ವರ್ಷಗಳ ಕಾಲ ನಡೆಯಿತು. ವ್ಯತ್ಯಾಸದ ಅಂಕಿಯನ್ನು ಅಂಕಿಯಾಗಿಯೇ ಉಳಿಸಿಕೊಂಡರೆ ಮಾತ್ರ ಹೀಗೆ ಹುಡುಕಲು ಸಾಧ್ಯ. ಮೊದಲನೇ ದಿನವೇ ಯಾರೋ ಸುಮ್ನೆ ಸೊನ್ನೆ ಮಾಡಿಬಿಟ್ಟರೆ ಹುಡುಕೋದು ಏನನ್ನ?

ಇನ್ನು ತರಬೇತಿಗೆ ನೆರವಾಗುವವರ ಮಾತು. ಪಾಠ ಮಾಡುವವರು ಬೇರೆ. ಅಭ್ಯಾಸದ ಕೋಣೆ ಸಿದ್ಧ ಮಾಡೋದು, ಡಬ್ಬಿಗಳಿಗೆ ಚೀಟಿ ಅಂಟಿಸೋದು, ತಕ್ಕಡಿ ಸರಿಯಿದೆಯಾ ನೋಡೋದು, ಲೆಕ್ಕದ ಹಾಳೆ ಬರೆಯೋದು ನಮ್ಮ ಪಾಲು. ಐಎಇಎಗೆ ಸ್ವಂತ ರಿಯಾಕ್ಟರ್ ಇಲ್ಲ. ಹಾಗಾಗಿ ಸದಸ್ಯ ದೇಶಗಳು ತಮ್ಮ ಸ್ಥಾವರ, ಪ್ರಯೋಗಾಲಯಗಳನ್ನು ಅಭ್ಯಾಸಕ್ಕೆ ಬಿಟ್ಟುಕೊಡುತ್ತವೆ. ಅಮೆರಿಕದ ಇಂತಹ ನೆರವು 1977ರಿಂದಲೇ ಇದೆ. ನಮ್ಮ ಕೆಲಸದ ಮುಖ್ಯ ಭಾಗ, ಹಾಳೆಗೂ ಕೋಣೆಗೂ ನಡುವೆ ಬೇಕೆಂದೇ ಒಂದೆರಡು ವ್ಯತ್ಯಾಸ ಇಡೋದು. ಒಂದು ಡಬ್ಬಿಯ ನಂಬರಿನಲ್ಲಿ 6 ಇರುವ ಕಡೆ 9. ಇನ್ನೊಂದು ಡಬ್ಬಿ ಹಾಳೆಯಲ್ಲಿ ಹೇಳಿದ್ದಕ್ಕಿಂತ ಸ್ವಲ್ಪ ಹಗುರ.

ಒಂದು ಸಲ ಒಂದು ಕಡೆ, ಹೆಸರು ಬೇಡ, ಹಿಂದಿನ ಸಂಜೆ ಎಲ್ಲ ಸಿದ್ಧ ಮಾಡಿ ಮಲಗಿದೆವು. ಬೆಳಿಗ್ಗೆ ತರಬೇತಿಯವರು ಎಣಿಸಿದರೆ ಒಂದೇ ಒಂದು ವ್ಯತ್ಯಾಸ ಇಲ್ಲ. ನನಗೆ ತಲೆ ಕೆಟ್ಟುಹೋಯಿತು. ಅಲ್ಲಿನ ಗುಮಾಸ್ತರು, ನಿವೃತ್ತಿ ಹತ್ತಿರ ಬಂದ ಹಿರಿಯರು, ರಾತ್ರಿ ಬಂದು ಚೀಟಿಗಳನ್ನೆಲ್ಲ ಸರಿಮಾಡಿ ಹೋಗಿದ್ದರು. ಹೊರದೇಶದ ಅತಿಥಿಗಳ ಎದುರು ತಮ್ಮ ಮನೆಯ ತಪ್ಪು ಕಾಣಬಾರದು ಅಂತ. ನಾನು ಸಿಟ್ಟಿನಲ್ಲೇ ಹೋದೆ. ಅವರ ಬೆರಳ ತುದಿಯಲ್ಲಿ ಇನ್ನೂ ಗೋಂದು ಅಂಟಿತ್ತು. ಸಿಟ್ಟು ಮಾಡೋಕೆ ಮನಸ್ಸು ಬರಲಿಲ್ಲ. ನೆಂಟರು ಬರುತ್ತಾರೆ ಅಂದರೆ ನಮ್ಮ ಅಮ್ಮನೂ ಹೀಗೇ ರಾತ್ರಿಯೆಲ್ಲ ಕೂತು ಮನೆ ಒಪ್ಪ ಮಾಡುತ್ತಿದ್ದರು. ಅವತ್ತಿನ ಅಭ್ಯಾಸವನ್ನು ಮಧ್ಯಾಹ್ನಕ್ಕೆ ಹಾಕಿ, ಈ ಸಲ ಆ ಹಿರಿಯರನ್ನೇ ಜೊತೆಗೆ ಕೂರಿಸಿಕೊಂಡು ಮತ್ತೆ ವ್ಯತ್ಯಾಸ ಇಟ್ಟೆವು.

ಈ ಕೆಲಸಕ್ಕೆ ಹೋಗುವವರಿಗೆ ನಾನು ಹೇಳೋದು ಇಷ್ಟೇ. ಹಾಳೆಯಲ್ಲಿ ಎರಡು ಸಾಲು ಇರುತ್ತದೆ. ಪುಸ್ತಕದ್ದು ಒಂದು, ನೀವು ಕಂಡದ್ದು ಇನ್ನೊಂದು. ಕಂಡದ್ದನ್ನು ಬರೆಯುವ ತನಕ ಪುಸ್ತಕದ ಸಾಲನ್ನು ಕಾಗದದಿಂದ ಮುಚ್ಚಿಡಿ. ನಿಮ್ಮ ಎಣಿಕೆ ತಪ್ಪಿರಬಹುದು ಅನ್ನಿಸಿದರೆ ಮತ್ತೆ ಎಣಿಸಿ, ಆದರೆ ಮೊದಲ ಅಂಕಿಯನ್ನು ಅಳಿಸಬೇಡಿ. ಒಂದು ಗೆರೆ ಎಳೆದು ಪಕ್ಕದಲ್ಲಿ ಎರಡನೆಯದನ್ನು ಬರೆಯಿರಿ, ಸಮಯ ಹಾಕಿ, ಸಹಿ ಮಾಡಿ. ವ್ಯತ್ಯಾಸಕ್ಕೆ ಕಾರಣ ಹುಡುಕುವ ಕೆಲಸ ಆಮೇಲೆ ಇದ್ದೇ ಇದೆ. ಅದನ್ನು ಸ್ಥಾವರದವರ ಜೊತೆ ಕೂತು ಮಾಡುತ್ತಾರೆ. ನೀವು ಒಬ್ಬರೇ ಗೋಡೌನಿನ ಕತ್ತಲಲ್ಲಿ ನಿಂತು ತೀರ್ಮಾನ ಮಾಡುವ ವಿಷಯ ಅದಲ್ಲ.

ಕುಶಾಲನಗರದ ಹುಡುಗನಿಗೂ ಇದನ್ನೇ ಹೇಳಿದೆ. ಮುಖ ಸಪ್ಪೆ ಮಾಡಿಕೊಂಡು ಕಾಫಿ ಕುಡಿದ. ಆಮೇಲೆ "ಸಾರ್, ನಾಳೆ ಬಂದು ಎಲ್ಲ ಚೀಲವನ್ನೂ ತೂಗ್ಲಾ?" ಅಂದ. ಮಾರನೇ ದಿನ ಬೆಳಿಗ್ಗೆ ಎಂಟಕ್ಕೇ ಬಂದ. ರೈಟರ್ ಕಡೆಯಿಂದ ಇಬ್ಬರನ್ನು ಜೊತೆಗೆ ಕೊಟ್ಟೆ. ಸಂಜೆ ಹಾಳೆ ತಂದು ಮೇಜಿನ ಮೇಲಿಟ್ಟ. ಎಣಿಕೆ 111. ತೂಕಗಳೆಲ್ಲ 49.6, 50.4, 50.1 ಹೀಗೆ. ಗೋಡೆ ಪಕ್ಕದ ಸಾಲಿನ ಒಂದು ಚೀಲದ ಎದುರು 43.2 ಅಂತ ಇತ್ತು. ಆ ವ್ಯತ್ಯಾಸವನ್ನು ನಾನು ಇಟ್ಟಿರಲಿಲ್ಲ. ಟಾರ್ಚ್ ಹಿಡಿದು ಇಬ್ಬರೂ ಹೋಗಿ ನೋಡಿದೆವು. ಚೀಲದ ಹಿಂಬದಿಯಲ್ಲಿ ಇಲಿ ಕೊರೆದ ತೂತು, ಕೆಳಗೆ ಗೋಡೆಯ ಬಿರುಕಿನ ತನಕ ಸಿಪ್ಪೆಯ ಸಾಲು. ದಾಸ್ತಾನು ಪುಸ್ತಕದಲ್ಲಿ ಆ 43.2 ಅನ್ನು ಅವನ ಕೈಯಲ್ಲೇ ಬರೆಸಿದೆ.