ಚಿತ್ರ ಪಾಸಾಯಿತು, ಕಾಂಟ್ರ್ಯಾಕ್ಟ್?

ಕೆಲಸದ ಹೆಜ್ಜೆಗಳನ್ನು ಚಿತ್ರವಾಗಿ ಬರೆದು, ಅದರಿಂದಲೇ ಸ್ಮಾರ್ಟ್ ಕಾಂಟ್ರ್ಯಾಕ್ಟ್ (ಬ್ಲಾಕ್‌ಚೈನ್ ಮೇಲೆ ಕೂತು ಒಪ್ಪಂದದಂತೆ ದುಡ್ಡು ಸಾಗಿಸುವ ಕೋಡ್) ಮಾಡುವುದುಂಟು. ಚಿತ್ರ ಸರಿಯಿದ್ದರೆ ಕಾಂಟ್ರ್ಯಾಕ್ಟೂ ಸರಿಯೇ? ಒಂದು ಖರೀದಿ ನೋಡಿ. ಸರಕು ಬಂತು. ಗೋದಾಮಿನಲ್ಲಿ ತೂಕ, ಲ್ಯಾಬಿನಲ್ಲಿ ಗುಣಮಟ್ಟದ ಪರೀಕ್ಷೆ, ಎರಡೂ ಮುಗಿದ ಮೇಲೆ ಮಾರಿದವರಿಗೆ ದುಡ್ಡು. ಬಿಪಿಎಂಎನ್ (ಇಂಥ ಹೆಜ್ಜೆಗಳನ್ನು ಬರೆಯುವ ಗುರುತುಗಳ ಪದ್ಧತಿ) ಚಿತ್ರದಲ್ಲಿ ಈ ಎರಡು ಕೆಲಸ ಕವಲಾಗುವ ಕಡೆ ಪ್ಲಸ್ ಗುರುತಿನ ಗೇಟ್‌ವೇ ಇಡುತ್ತೇವೆ, ಅಂದರೆ ಎಲ್ಲ ಕವಲೂ ನಡೆಯಬೇಕು. ಮತ್ತೆ ಸೇರುವ ಕಡೆ ಕೈತಪ್ಪಿ ಇಂಟು ಗುರುತಿನದು (ಯಾವುದಾದರೂ ಒಂದೇ ಕವಲು ಸಾಕು ಅನ್ನುವುದು) ಬಿತ್ತು ಅಂದ್ಕೊಳ್ಳಿ. ಅದು ಇನ್ನೊಂದು ಕವಲಿಗೆ ಕಾಯುವುದೇ ಇಲ್ಲ. ತೂಕ ಮುಗಿದಾಗ ಒಮ್ಮೆ, ಪರೀಕ್ಷೆ ಮುಗಿದಾಗ ಇನ್ನೊಮ್ಮೆ ದುಡ್ಡು ಹೋಗುತ್ತದೆ. ಉಲ್ಟಾ ಮಾಡಿದರೆ, ಅಂದರೆ ಕವಲಾಗುವ ಕಡೆ ಇಂಟು, ಸೇರುವ ಕಡೆ ಪ್ಲಸ್ ಇಟ್ಟರೆ, ಎಂದೂ ಬಾರದ ಕವಲಿಗಾಗಿ ಕಾಯುತ್ತಾ ನಿಂತುಬಿಡುತ್ತದೆ, ದುಡ್ಡು ಒಳಗೇ ಲಾಕ್.

ಮಾಮೂಲಿ ಸಾಫ್ಟ್‌ವೇರ್ ಆದರೆ ಡೇಟಾಬೇಸ್ ತಿದ್ದಿ ಮುಂದೆ ಹೋಗಬಹುದು. ಬ್ಲಾಕ್‌ಚೈನ್ ಮೇಲೆ ಅದು ಆಗುವುದಿಲ್ಲ. 2016ರ ಜೂನ್‌ನಲ್ಲಿ ಎಥೀರಿಯಂ ಬ್ಲಾಕ್‌ಚೈನ್ ಮೇಲಿದ್ದ ದಿ ಡಿಎಒ ಎಂಬ ಹೂಡಿಕೆ ನಿಧಿಯ ಕಾಂಟ್ರ್ಯಾಕ್ಟ್‌ನಿಂದ ಸುಮಾರು 36 ಲಕ್ಷ ಈಥರ್ (ಎಥೀರಿಯಂನ ನಾಣ್ಯ) ಸೋರಿದಾಗ ಇಡೀ ಎಥೀರಿಯಂ ಅನ್ನೇ ಫೋರ್ಕ್ ಮಾಡಬೇಕಾಯಿತು, ಅಂದರೆ ನಿಯಮ ಬದಲಿಸಿ ಚೈನನ್ನೇ ಬೇರೆ ದಾರಿಗೆ ತಿರುಗಿಸಬೇಕಾಯಿತು. ನಮ್ಮ ನಿಮ್ಮ ಖರೀದಿ ಕಾಂಟ್ರ್ಯಾಕ್ಟ್‌ಗೆ ಯಾರು ಅಷ್ಟು ಮಾಡುತ್ತಾರೆ?

ಅದಕ್ಕೇ ಮೊದಲು ಚಿತ್ರವನ್ನು ಪೆಟ್ರಿ ನೆಟ್ (ಹೆಜ್ಜೆಗಳ ಓಟವನ್ನು ಲೆಕ್ಕ ಹಾಕಿ ನೋಡಬಹುದಾದ ಗಣಿತದ ಮಾದರಿ) ಮಾಡಿ ತಪಾಸಣೆ ನಡೆಸುವುದು. ಎಲ್ಲಿದ್ದರೂ ಕೊನೆ ಮುಟ್ಟಬಹುದಾ, ಮುಟ್ಟಿದಾಗ ಹಿಂದೆ ಏನಾದರೂ ಬಾಕಿ ಉಳಿದಿದೆಯಾ, ಎಂದೂ ನಡೆಯದ ಹೆಜ್ಜೆ ಇದೆಯಾ ಅಂತ ನೋಡುತ್ತಾರೆ. ಮೇಲಿನ ಎರಡೂ ಎಡವಟ್ಟು ಇಲ್ಲೇ ಸಿಕ್ಕಿಬೀಳುತ್ತವೆ. ಆಮೇಲೆ ಎಸ್ಟೋನಿಯಾದ ತಾರ್ತು ವಿಶ್ವವಿದ್ಯಾಲಯದ ಕ್ಯಾಟರ್ಪಿಲರ್‌ನಂಥ ಟೂಲ್ ಆ ಚಿತ್ರದಿಂದಲೇ ಸಾಲಿಡಿಟಿ (ಕಾಂಟ್ರ್ಯಾಕ್ಟ್ ಬರೆಯುವ ಭಾಷೆ) ಕೋಡ್ ತೆಗೆದುಕೊಡುತ್ತದೆ.

ಇಷ್ಟಾದರೂ "ಮಾಡೆಲ್ ವೆರಿಫೈ ಆಗಿದೆ ಸರ್" ಅನ್ನುವ ಮಾತನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ಡಿಎಒ ತೂತನ್ನು ಈ ತಪಾಸಣೆ ಹಿಡಿಯುತ್ತಲೇ ಇರಲಿಲ್ಲ. ಅಲ್ಲಿ ಬ್ಯಾಲೆನ್ಸ್ ಕಳೆಯುವ ಮೊದಲೇ ದುಡ್ಡು ಕಳಿಸುತ್ತಿದ್ದರು, ಹಾಗಾಗಿ ಅದೇ ದುಡ್ಡನ್ನು ಮತ್ತೆ ಮತ್ತೆ ಕೇಳಿ ಪಡೆಯಬಹುದಿತ್ತು. ಅದು ಕೋಡ್ ಮಟ್ಟದ ತಪ್ಪು, ಚಿತ್ರದಲ್ಲಿ ಕಾಣುವುದಲ್ಲ. ಹಾಗಾಗಿ ಕೋಡ್ ಹುಟ್ಟಿಸುವ ಟೂಲಿನ ಟೆಂಪ್ಲೇಟನ್ನೂ ಬೇರೆಯಾಗಿ ಪರೀಕ್ಷಿಸಬೇಕು (ಒಮ್ಮೆ ಸರಿಯಾಗಿ ಮಾಡಿಟ್ಟರೆ ಅದರಿಂದ ಬರುವ ಎಲ್ಲ ಕಾಂಟ್ರ್ಯಾಕ್ಟ್‌ಗೂ ಲಾಭ, ಅದೊಂದು ಖುಷಿ).

ಇನ್ನು ಟೈಮರ್. "7 ದಿನದಲ್ಲಿ ಲ್ಯಾಬ್ ಉತ್ತರ ಬರದಿದ್ದರೆ ದುಡ್ಡು ವಾಪಸ್" ಅಂತ ಚಿತ್ರದಲ್ಲಿ ಸುಮ್ನೆ ಒಂದು ಗಡಿಯಾರ ಇಟ್ಟರೆ ಮುಗಿಯಿತು. ಕಾಂಟ್ರ್ಯಾಕ್ಟ್ ಮಾತ್ರ ತಾನಾಗಿ ಏಳುವುದಿಲ್ಲ, ಯಾರೋ ಗ್ಯಾಸ್ (ಚೈನ್ ಬಳಸುವ ಶುಲ್ಕ) ಕಟ್ಟಿ ಟ್ರಾನ್ಸಾಕ್ಷನ್ ಕಳಿಸಿ ಎಬ್ಬಿಸಬೇಕು. 8ನೇ ದಿನ ಲ್ಯಾಬ್ ಉತ್ತರವೂ ವಾಪಸಾತಿ ಕೋರಿಕೆಯೂ ಒಟ್ಟಿಗೆ ಬಂದರೆ? ಉತ್ತರ ತಗೊಳ್ಳುವ ಫಂಕ್ಷನ್ ಗಡುವು ನೋಡದಿದ್ದರೆ, ಬ್ಲಾಕ್‌ನಲ್ಲಿ ಯಾವುದು ಮೊದಲು ಸೇರಿತೋ ಅದೇ ಗೆಲ್ಲುತ್ತದೆ. ಟೂಲ್ ಡೆಮೋ ಕೊಡಲು ಬಂದವರಿಗೆ ನಾನು ಮೊದಲು ಕೊಡುವುದೇ ಈ ಗಡಿಯಾರ ಇರುವ ಚಿತ್ರ.