ಶಾಲೆ ಪಕ್ಕದ ಮನೆಗೆ ಬೆಲೆ ಜಾಸ್ತಿನಾ?

ಬ್ಯಾಂಕ್ ಸಾಲಕ್ಕೆ ಮನೆಗಳ ಬೆಲೆ ಕಟ್ಟಿ ವರದಿ ಕೊಡುವುದು ನನ್ನ ಕೆಲಸ. ಹಾಸನದ ಸಾಲಗಾಮೆ ರಸ್ತೆ ಕಡೆ ಟೇಪು ಹಿಡಿದು ನಿಂತರೆ ಮನೆಯವರು ತಪ್ಪದೆ ಒಂದು ಮಾತು ಹೇಳುತ್ತಾರೆ: "ಸಾರ್, ಒಳ್ಳೇ ಸ್ಕೂಲು ಇಲ್ಲೇ ಪಕ್ಕದಲ್ಲಿದೆ, ಅದನ್ನೂ ಬರ್ಕೊಳ್ಳಿ." ಬರೆದುಕೊಳ್ಳುತ್ತೇನೆ. ಆದರೆ ಅದಕ್ಕೆ ಅಂತ ಚದರಡಿಗೆ ಒಂದು ರೂಪಾಯಿಯನ್ನೂ ಏರಿಸುವುದಿಲ್ಲ.

ಇದೇ ಮಾತನ್ನು ಅಮೆರಿಕದಲ್ಲಿ ಹೇಳಿದ್ದರೆ ತೂಕ ಇರುತ್ತಿತ್ತು. ಅಲ್ಲಿ ಮಗು ಯಾವ ಸರ್ಕಾರಿ ಶಾಲೆಗೆ ಹೋಗಬೇಕು ಅನ್ನೋದು ಸಾಮಾನ್ಯವಾಗಿ ಮನೆ ಎಲ್ಲಿದೆ ಅನ್ನೋದರ ಮೇಲೆ ನಿಂತಿದೆ. ಶಾಲೆಯ ಖರ್ಚಿಗೂ ಊರಿನ ಮನೆ ಕಂದಾಯದ ದುಡ್ಡು ಹೋಗುತ್ತದೆ. ತಮಗೆ ಒಪ್ಪುವ ಕಂದಾಯ, ಒಪ್ಪುವ ಸೌಲಭ್ಯ ಇರುವ ಊರಿಗೆ ಜನ ಗಂಟುಮೂಟೆ ಕಟ್ಟುತ್ತಾರೆ ಅಂತ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಟೀಬೋ 1956ರಲ್ಲೇ ಬರೆದಿದ್ದರು.

ಆದರೆ ಒಳ್ಳೇ ಶಾಲೆ ಇರುವ ಕಡೆ ರಸ್ತೆ, ಪಾರ್ಕು, ನೆರೆಹೊರೆ ಎಲ್ಲವೂ ಚೆನ್ನಾಗೇ ಇರುತ್ತವೆ, ಅಲ್ವಾ? ಬೆಲೆಯಲ್ಲಿ ಶಾಲೆಯ ಪಾಲು ಎಷ್ಟು ಅಂತ ಬಿಡಿಸೋದು ಹೇಗೆ? 1999ರಲ್ಲಿ ಸಾಂಡ್ರಾ ಬ್ಲ್ಯಾಕ್ ಅನ್ನೋ ಅರ್ಥಶಾಸ್ತ್ರಜ್ಞೆ ಒಂದು ಚೆಂದದ ಉಪಾಯ ಮಾಡಿದರು. ಬಾಸ್ಟನ್ ಸುತ್ತಲಿನ ಊರುಗಳಲ್ಲಿ ಎರಡು ಶಾಲೆಗಳ ವ್ಯಾಪ್ತಿ ಕೂಡುವ ಗಡಿಯ ಆಚೀಚೆ ಇರುವ ಮನೆಗಳನ್ನಷ್ಟೇ ಹೋಲಿಸಿದರು. ಬಡಾವಣೆ ಅದೇ, ಶಾಲೆ ಮಾತ್ರ ಬೇರೆ. ಪರೀಕ್ಷೆಯ ಅಂಕ ಶೇ 5ರಷ್ಟು ಮೇಲಿದ್ದರೆ ಮನೆ ಬೆಲೆ ಸುಮಾರು ಶೇ 2.5 ಜಾಸ್ತಿ ಇತ್ತು. ಗಡಿ ನೋಡದೆ ಸುಮ್ನೆ ಲೆಕ್ಕ ಹಾಕಿದರೆ ಹೆಚ್ಚೂಕಡಿಮೆ ಅದರ ಎರಡರಷ್ಟು ಬರುತ್ತಿತ್ತು. ಅಂದರೆ ಆ ಜಾಸ್ತಿ ಬೆಲೆಯಲ್ಲಿ ಅರ್ಧ ನೆರೆಹೊರೆಯದು, ಹೆಸರು ಮಾತ್ರ ಶಾಲೆಯದು! ಬೆಲೆ ಕಟ್ಟುವವರು ಸುಲಭವಾಗಿ ಮಾಡಿಬಿಡುವ ತಪ್ಪು ಇದೇ.

ಹಾಸನದಲ್ಲಿ ಆ ಗಡಿಯೇ ಇಲ್ಲ. ಫೀಸು ಕಟ್ಟಿದರೆ ಹಳದಿ ಬಸ್ಸು ಹಳ್ಳಿ ಬಾಗಿಲಿಗೇ ಬರುತ್ತದೆ. ಸರ್ಕಾರಿ ಶಾಲೆ ಮೇಷ್ಟ್ರ ಸಂಬಳ ರಾಜ್ಯ ಸರ್ಕಾರದ್ದು. ಮನೆ ಕಂದಾಯದ ಜೊತೆ ನಾವು ಗ್ರಂಥಾಲಯ ಕರ ಕಟ್ಟುತ್ತೇವೆ, ಭಿಕ್ಷುಕರ ಕರವನ್ನೂ ಕಟ್ಟುತ್ತೇವೆ. ಮೇಷ್ಟ್ರ ಸಂಬಳಕ್ಕೂ ಅದಕ್ಕೂ ಸಂಬಂಧ ಇಲ್ಲ. ಹಾಗಾಗಿ ನಾನು ಮೊದಲು ನೋಡೋದು ಇ-ಖಾತೆ, ರಸ್ತೆ ಅಗಲ, ನಲ್ಲಿ ನೀರು, ಒಳಚರಂಡಿ.

ಹಾಗಂತ ಓದಿನ ದುಡ್ಡು ಮನೆಗಳಿಗೆ ಬರೋದೇ ಇಲ್ಲ ಅಂತಲ್ಲ. ಅದು ಬರೋದು ಬಾಡಿಗೆ ರೂಪದಲ್ಲಿ. ಸಕಲೇಶಪುರದ ತೋಟದವರು ಮಗಳ ಪಿಯುಸಿಗೆ ಇಲ್ಲಿ ಮನೆ ಮಾಡುತ್ತಾರೆ. ಅಪ್ಪ ತೋಟದಲ್ಲಿ, ಅಜ್ಜಿ ಮೊಮ್ಮಗಳು ಇಲ್ಲಿ. ಎರಡು ವರ್ಷ ಮುಗಿದ ಮೇಲೆ ಸಿಲಿಂಡರ್ ಸಮೇತ ಖಾಲಿ. ಆಮೇಲೆ ಇನ್ನೊಂದು ಅಜ್ಜಿ, ಇನ್ನೊಂದು ಮೊಮ್ಮಗಳು. ಇಂಥವರಿಗೆ ಕಾಲೇಜಿಗೆ ನಡೆದು ಹೋಗುವಷ್ಟು ದೂರದಲ್ಲೇ ಮನೆ ಬೇಕು. ಅದಕ್ಕೆ ನೂರು ಇನ್ನೂರು ಜಾಸ್ತಿ ಕೊಡಲೂ ತಯಾರು.

ಆದ್ದರಿಂದ ಈಗ ಯಾರಾದರೂ "ಸ್ಕೂಲು ಪಕ್ಕದಲ್ಲೇ ಇದೆ ಸಾರ್" ಅಂದರೆ ನಾನು ತಿರುಗಿ ಕೇಳುವುದು ಒಂದೇ: "ಮಹಡಿ ಬಾಡಿಗೆಗೆ ಕೊಡೋಕೆ ಮೆಟ್ಟಿಲು ಹೊರಗಿಂದ ಇದೆಯಾ?"