42 ರೇಟಿಂಗಿನ ಕುದುರೆಗೆ ಯಾವ ರೇಸು?

ಬೆಂಗಳೂರಿನ ಬೇಸಿಗೆ ಸೀಸನ್ ನಡೆಯುತ್ತಿದೆ. ನನ್ನ ಲಾಯದಲ್ಲಿ ಆರು ವರ್ಷದ ಕಂದು ಗೆಲ್ಡಿಂಗ್ (ಬೀಜ ತೆಗೆಸಿದ ಗಂಡು ಕುದುರೆ) ಒಂದಿದೆ. ಅದರ ರೇಟಿಂಗ್ (ಸಾಮರ್ಥ್ಯದ ಅಂಕ) 42. ಅದನ್ನು ಯಾವ ರೇಸಿಗೆ ಹಾಕಬೇಕು ಅಂತ ಮೂರು ದಿನದಿಂದ ಯೋಚಿಸುತ್ತಿದ್ದೇನೆ. ಸೀಸನ್ನಿನ ರೇಸುಗಳ ಪಟ್ಟಿ ಇರುವ ಪ್ರಾಸ್ಪೆಕ್ಟಸ್ ತೆರೆದರೆ ಅದಕ್ಕೆ ಹೊಂದುವ ರೇಸು ಎರಡಿವೆ. ಮೊದಲನೆಯದು 20ರಿಂದ 45 ರೇಟಿಂಗಿನ ಕುದುರೆಗಳಿಗೆ, 1200 ಮೀಟರ್. ಎರಡನೆಯದು ಅದರ ಮುಂದಿನ ವಾರ, 40ರಿಂದ 65 ರೇಟಿಂಗಿಗೆ, 1400 ಮೀಟರ್. 42 ಎರಡರೊಳಗೂ ಬರುತ್ತದೆ. ಆದರೆ ಎರಡರಲ್ಲೂ ಓಡಿಸೋಕೆ ಆಗಲ್ಲ. ಒಂದು ಸಲ ಓಡಿದರೆ ಈ ಕುದುರೆಗೆ ಮೂರು ವಾರ ಬಿಡುವು ಬೇಕು.

ಮದುವೆ ಮನೆಯಲ್ಲೋ ಬೇರೆಲ್ಲೋ ನಾನು ಟ್ರೇನರ್ ಅಂತ ಗೊತ್ತಾದರೆ ಜನ ಕುದುರೆಗೆ ಏನು ತಿನ್ನಿಸುತ್ತೀರಿ, ಎಷ್ಟು ಓಡಿಸುತ್ತೀರಿ ಅಂತ ಕೇಳುತ್ತಾರೆ. ಓಟ್ಸ್, ಕುದುರೆಮಸಾಲೆ ಸೊಪ್ಪು, ಕ್ಯಾರೆಟ್, ಬೆಳಗಿನ ಜಾವದ ಟ್ರ್ಯಾಕ್ ವರ್ಕ್ ಎಲ್ಲಾ ಲಾಯದಲ್ಲೂ ಹೆಚ್ಚುಕಮ್ಮಿ ಒಂದೇ. ವ್ಯತ್ಯಾಸ ಇರೋದು ಎಂಟ್ರಿ ಹಾಕುವುದರಲ್ಲಿ. ಒಳ್ಳೇ ಕುದುರೆಯನ್ನು ತಪ್ಪು ರೇಸಿಗೆ ಹಾಕಿದರೆ ಆರು ತಿಂಗಳ ಕೆಲಸ ಎರಡು ನಿಮಿಷದಲ್ಲಿ ಹೋಗುತ್ತದೆ.

ಲೆಕ್ಕ ಹೇಗೆ ಅಂತ ಹೇಳುತ್ತೇನೆ. ರೇಟಿಂಗ್ ಅಂದರೆ ಹ್ಯಾಂಡಿಕ್ಯಾಪರ್, ಅಂದರೆ ಯಾವ ಕುದುರೆ ಎಷ್ಟು ತೂಕ ಹೊರಬೇಕು ಅಂತ ಗೊತ್ತುಮಾಡುವ ಅಧಿಕಾರಿ, ಕೊಡುವ ಅಂಕ. ಒಂದು ಅಂಕಕ್ಕೆ ಅರ್ಧ ಕಿಲೋ. ಹೆಚ್ಚು ಅಂಕದ ಕುದುರೆ ಹೆಚ್ಚು ತೂಕ ಹೊರಬೇಕು, ಎಲ್ಲವೂ ಒಟ್ಟಿಗೆ ಗುರಿ ಮುಟ್ಟಲಿ ಅನ್ನೋದು ಉದ್ದೇಶ. ಮೇಲಿನ ತೂಕ, ಜಾಕಿ ಜೀನು ಎಲ್ಲಾ ಸೇರಿ, 60 ಕಿಲೋ ಅಂತ ಇಟ್ಟುಕೊಳ್ಳಿ. ಕೆಳಗಿನ ರೇಸಿನಲ್ಲಿ 45ರ ಕುದುರೆಗೆ 60 ಆದರೆ ನನ್ನದಕ್ಕೆ 58.5 ಕಿಲೋ. ಮೇಲಿನ ರೇಸಿನಲ್ಲಿ 65ರ ಕುದುರೆ 60 ಹೊತ್ತರೆ ನನ್ನದು 48.5ಕ್ಕೆ ಬಂದು ನಿಲ್ಲುತ್ತದೆ. ಅಷ್ಟು ಹಗುರವಾಗಿ ಕೂರುವ ಜಾಕಿಗಳು ಸಿಗೋದು ಕಷ್ಟ, ಅದಕ್ಕೆ ಕನಿಷ್ಠ ತೂಕ ಅಂತ ಒಂದಿರುತ್ತದೆ. ಆದರೂ ಎರಡು ರೇಸಿನ ನಡುವೆ ಎಂಟು ಹತ್ತು ಕಿಲೋ ಫರಕು. ಒಂದು ಕಡೆ ಎದುರಾಳಿಗಳು ಸುಲಭ, ಹೊರೆ ಜಾಸ್ತಿ. ಇನ್ನೊಂದು ಕಡೆ ಎದುರಾಳಿಗಳು ಗಟ್ಟಿ, ಹೊರೆ ಕಡಿಮೆ, ಬಹುಮಾನವೂ ಹೆಚ್ಚು. ಕುದುರೆ ರೇಸು ಕೌಶಲದ ಆಟ ಅಂತ 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತಲ್ಲ, ಆ ಕೌಶಲದ ಒಂದು ದೊಡ್ಡ ಪಾಲು ಇಂಥ ಲೆಕ್ಕದಲ್ಲೇ ಇದೆ.

ಇಷ್ಟೇ ಆಗಿದ್ದರೆ ಪೆನ್ನು ಕಾಗದ ಸಾಕಿತ್ತು. ಆದರೆ ನೆಲ ಅಂತ ಒಂದಿದೆ.

ರೇಸಿನ ದಿನ ಬೆಳಿಗ್ಗೆ ಟ್ರ್ಯಾಕಿನ ಹಲವು ಕಡೆ ಪೆನೆಟ್ರೋಮೀಟರ್ ಇಟ್ಟು ಅಳೆಯುತ್ತಾರೆ. ತೂಕದ ಗುಂಡೊಂದನ್ನು ಎತ್ತಿ ಬಿಡುತ್ತಾರೆ, ಕೆಳಗಿನ ಸಲಾಕೆ ನೆಲದೊಳಗೆ ಎಷ್ಟು ಇಳಿಯಿತು ಅಂತ ನೋಡುತ್ತಾರೆ. ಅಂಕಿ ಏರಿದಷ್ಟೂ ನೆಲ ಮೆತ್ತಗೆ. ಒಳ್ಳೇ ಸಾಧನ, ನಾನು ಅದನ್ನು ನಂಬುತ್ತೇನೆ. ಆದರೆ ಹೊರಗೆ ಹೇಳುವುದು ಒಂದೇ ಅಂಕಿ. ಇಡೀ ಟ್ರ್ಯಾಕಿನ ನೆಲ ಒಂದೇ ಥರ ಇರಲ್ಲ. ಒಳ ರೇಲಿನ (ಟ್ರ್ಯಾಕಿನ ಒಳಗಿನ ಬೇಲಿಯ) ಪಕ್ಕ ಹೆಚ್ಚು ಕುದುರೆಗಳು ಓಡಿ ಹುಲ್ಲು ಕಿತ್ತಿರುತ್ತದೆ. ತಗ್ಗಿರುವ ಕಡೆ ನೀರು ನಿಂತಿರುತ್ತದೆ. ಅದಕ್ಕೇ ನಾನು ರೇಸಿನ ದಿನ ಟ್ರ್ಯಾಕ್ ಮೇಲೆ ನಡೆಯುತ್ತೇನೆ. ತಿರುವಿನಿಂದ ಫಿನಿಶ್‌ವರೆಗೆ, ರೇಲಿನಿಂದ ಹೊರಕ್ಕೆ ಐದಾರು ಸಾಲು. ಹಿಮ್ಮಡಿ ಒತ್ತಿ ನೋಡುತ್ತೇನೆ. ಒತ್ತಿದ ಗುಳಿ ಹಾಗೇ ನಿಂತರೆ ಒಂದು ಲೆಕ್ಕ, ಹುಲ್ಲು ನಿಧಾನವಾಗಿ ಮೇಲೆದ್ದರೆ ಇನ್ನೊಂದು ಲೆಕ್ಕ.

ನನಗೆ ಹೆದರಿಕೆ ಆಗುವುದು ಪೂರ್ತಿ ಒದ್ದೆ ನೆಲವಲ್ಲ. ಮಳೆ ನಿಂತು, ಬಿಸಿಲು ಬಂದು, ಅರ್ಧ ಒಣಗಿದ ನೆಲ. ನೀರಾಗಿರುವ ಕೆಸರಿನಲ್ಲಿ ಕಾಲು ಸಲೀಸಾಗಿ ಈಚೆ ಬರುತ್ತದೆ. ಅರ್ಧ ಒಣಗಿದ ನೆಲ ಕಾಲನ್ನು ಹಿಡಿದುಕೊಳ್ಳುತ್ತದೆ. ಕುದುರೆ ಸುಮಾರು 450ರಿಂದ 500 ಕಿಲೋ ತೂಗುತ್ತದೆ. ಪೂರ್ತಿ ಓಟದಲ್ಲಿ ಮುಂಗಾಲೊಂದರ ಮೇಲೆ ಬೀಳುವ ಭಾರ ಅದರ ಮೈತೂಕದ ಎರಡೂವರೆ ಪಟ್ಟು. ಆ ಭಾರವನ್ನು ತಡೆಯುವುದು ಮೊಣಕಾಲಿನ ಕೆಳಗೆ, ಮೂಳೆಯ ಹಿಂದೆ ಇರುವ ಹಗ್ಗದಂಥ ಟೆಂಡನ್. ನೆಲ ಕಾಲನ್ನು ಒಂದು ಕ್ಷಣ ಜಾಸ್ತಿ ಹಿಡಿದರೂ ಆ ಹಗ್ಗ ಜಗ್ಗುತ್ತದೆ. ತುಂಬಾ ಗಟ್ಟಿ ನೆಲವೂ ಕೆಟ್ಟದ್ದೇ. ಚಳಿಗಾಲದ ಸೀಸನ್ ಕೊನೆಗೆ ನೀರು ಹಾಯಿಸುವುದು ಕಡಿಮೆಯಾದರೆ ಕಣಕಾಲಿನ ಮೂಳೆಗೆ ಪೆಟ್ಟು. ಮೂಳೆಯ ಪೆಟ್ಟು ನಿಧಾನವಾಗಿ ಗೊತ್ತಾಗುತ್ತದೆ, ಟೆಂಡನ್ನಿನದು ಒಂದೇ ರಾತ್ರಿಯಲ್ಲಿ.

ಬೆಂಗಳೂರಿನ ಮೇ ತಿಂಗಳು ನಿಮಗೆ ಗೊತ್ತು. ಮಧ್ಯಾಹ್ನದವರೆಗೆ ಸುಡು ಬಿಸಿಲು, ಮೂರೂವರೆ ನಾಲ್ಕಕ್ಕೆ ಮೋಡ ಕವಿದು ಧೋ ಅಂತ ಮಳೆ. ಮೊದಲ ಮೂರು ರೇಸು ಒಂದು ನೆಲದ ಮೇಲೆ, ಕೊನೆಯ ಮೂರು ಬೇರೆಯದೇ ನೆಲದ ಮೇಲೆ. ಬೆಳಗಿನ ಅಂಕಿ ಆಗ ಯಾರ ಉಪಯೋಗಕ್ಕೂ ಬರಲ್ಲ.

ಕೆಲವು ವರ್ಷದ ಹಿಂದೆ ನನ್ನ ಲಾಯದಲ್ಲಿ ಚೆಸ್ಟ್‌ನಟ್ ಬಣ್ಣದ ಹೆಣ್ಣು ಕುದುರೆಯೊಂದಿತ್ತು. ನಾವು ಅವಳನ್ನು ಕೆಂಪಿ ಅಂತ ಕರೆಯುತ್ತಿದ್ದೆವು. ಮಾಲೀಕರು ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರು. ಅವರಿಗಿದ್ದುದು ಅದೊಂದೇ ಕುದುರೆ. ಅವಳಿಗೆ 1600 ಮೀಟರ್ ಬೇಕಿತ್ತು. 1200ರಲ್ಲಿ ಅವಳು ಓಟಕ್ಕೆ ಬರುವಷ್ಟರಲ್ಲಿ ರೇಸೇ ಮುಗಿದಿರುತ್ತಿತ್ತು. ಆದರೆ ಅವಳ ರೇಟಿಂಗಿಗೆ 1600ರ ರೇಸು ಅಪರೂಪ. ಎರಡು ಸಲ ಎಂಟ್ರಿ ಹಾಕಿದೆ. ಎರಡು ಸಲವೂ ಸಾಕಷ್ಟು ಕುದುರೆಗಳು ಬರದೆ ರೇಸು ರದ್ದಾಯಿತು. ಹೀಗೆ ಹತ್ತು ವಾರ ಅವಳು ಸುಮ್ನೆ ನಿಂತಳು. ನಿಂತರೂ ಟ್ರೇನಿಂಗ್ ಫೀಸು, ಮೇವು, ಲಾಳ, ಡಾಕ್ಟರ್ ಬಿಲ್ಲು ನಿಲ್ಲಲಿಲ್ಲ. ಮೂರನೇ ಸಲ ರೇಸು ರದ್ದಾಗದೆ ಉಳಿಯಿತು. ಕಾರ್ಡಿನಲ್ಲಿ, ಅಂದರೆ ಆ ದಿನದ ರೇಸುಗಳ ಪಟ್ಟಿಯಲ್ಲಿ, ಕೊನೆಯಿಂದ ಎರಡನೆಯದು. ಆವತ್ತು ಮೂರು ಗಂಟೆಗೆ ಮಳೆ ಶುರುವಾಗಿ ಮುಕ್ಕಾಲು ಗಂಟೆ ಹೊಯ್ದು ನಿಂತಿತು. ಆಮೇಲೆ ಬಿಸಿಲು.

ಅವಳನ್ನು ನೋಡಿಕೊಳ್ಳುತ್ತಿದ್ದ ಹಿರಿಯ ಸೈಸ್‌ರನ್ನು ನಾನು ಚಾಚಾ ಅಂತಲೇ ಕರೆಯುವುದು. ರೇಸಿಗೆ ಮುಂಚೆ ಕುದುರೆಗಳನ್ನು ನಡೆಸುವ ಪ್ಯಾಡಕ್‌ನಲ್ಲಿ ಅವಳ ಲಗಾಮು ಹಿಡಿದುಕೊಂಡೇ ಅವರು ನನ್ನ ಕಡೆ ಬಗ್ಗಿ, “ಸಾರ್, ಇವತ್ತು ಬೇಡ. ನೆಲ ಹಿಡಿತಾ ಇದೆ. ಇವಳ ಕಾಲು ತೆಳು,” ಅಂದರು. ಡಿಕ್ಲರೇಷನ್ ಆದ ಮೇಲೆ, ಅಂದರೆ ಓಡಿಸುತ್ತೇವೆ ಅಂತ ಖಚಿತ ಮಾಡಿದ ಮೇಲೆ, ಕುದುರೆಯನ್ನು ಹಿಂದಕ್ಕೆ ತೆಗೆಯಬೇಕಾದರೆ ರೇಸಿನ ಉಸ್ತುವಾರಿ ನೋಡುವ ಸ್ಟುವರ್ಡ್‌ಗಳ ಅನುಮತಿ ಬೇಕು. ಕೇಳಬಹುದಿತ್ತು. ನಾನು ಕೇಳಲಿಲ್ಲ. ಮುಂದಿನ 1600 ಇನ್ನೂ ಐದು ವಾರ ದೂರ ಇತ್ತು, ಅದೂ ನಡೆಯುತ್ತದೆ ಅನ್ನೋ ಖಾತ್ರಿ ಇರಲಿಲ್ಲ. ಮಾಲೀಕರು ಹೆಂಡತಿ ಮಕ್ಕಳ ಜೊತೆ ಊರಿಂದ ಬಂದು ಸ್ಟ್ಯಾಂಡಿನಲ್ಲಿ ಕೂತಿದ್ದರು.

ಕೆಂಪಿ ನಾಲ್ಕನೆಯವಳಾಗಿ ಬಂದಳು. ಕುಂಟಲಿಲ್ಲ. ರಾತ್ರಿ ಮೇವು ಪೂರ್ತಿ ತಿಂದಳು. ಮಾರನೇ ದಿನ ಐದು ಗಂಟೆಗೆ ಚಾಚಾ ನನ್ನ ಕೈ ಹಿಡಿದು ಅವಳ ಎಡ ಮುಂಗಾಲಿನ ಹಿಂಭಾಗಕ್ಕೆ ಒತ್ತಿದರು. ಒಳ್ಳೇ ಟೆಂಡನ್ ಮುಂಜಾನೆ ತಣ್ಣಗೆ, ನೆಟ್ಟಗೆ, ಬಿಗಿಯಾಗಿರುತ್ತದೆ. ಬೆರಳು ಮೇಲಿಂದ ಕೆಳಗೆ ಎಲ್ಲೂ ತಡೆಯದೆ ಜಾರುತ್ತದೆ. ಕೆಂಪಿಯದು ಮಧ್ಯದಲ್ಲಿ, ಒಂದು ಹೆಬ್ಬೆರಳಿನಷ್ಟು ಜಾಗದಲ್ಲಿ, ಬೆಚ್ಚಗಿತ್ತು. ಒತ್ತಿದಾಗ ಅವಳು ಕಾಲು ಎಳೆದುಕೊಂಡಳು. ಅಷ್ಟೇ ಗೊತ್ತಾದದ್ದು. ಸ್ಕ್ಯಾನ್ ಮಾಡಿಸಿದಾಗ ಒಳಗಿನ ಎಳೆಗಳು ಹರಿದಿದ್ದವು. ಟೆಂಡನ್ ವಾಸಿಯಾಗಲು ಒಂಬತ್ತರಿಂದ ಹನ್ನೆರಡು ತಿಂಗಳು ಹಿಡಿಯುತ್ತದೆ. ವಾಸಿಯಾದ ಜಾಗಕ್ಕೆ ಮೊದಲಿನ ಹಿಗ್ಗುವ ಗುಣ ಬರುವುದಿಲ್ಲ. ಅವಳು ಮತ್ತೆ ಓಡಲಿಲ್ಲ. ಮರಿ ಹಾಕಲು ಸ್ಟಡ್ ಫಾರ್ಮಿಗೆ ಹೋದಳು. ಆ ಸಂಜೆಯ ತೀರ್ಮಾನ ನನ್ನದು, ಬೇರೆ ಯಾರದ್ದೂ ಅಲ್ಲ.

ಆದರೆ ಆ ತೀರ್ಮಾನಕ್ಕೆ ನಾನು ಹೇಗೆ ಬಂದೆ ಅನ್ನೋದನ್ನು ಹೇಳಬೇಕು. ರೇಸಿನ ವೇಳಾಪಟ್ಟಿ, ನೆಲ, ಬಹುಮಾನದ ಹಣ ಅಂತ ನಾವು ಬೇರೆ ಬೇರೆ ಸಭೆಗಳಲ್ಲಿ ಮಾತಾಡುತ್ತೇವೆ. ಲಾಯದಲ್ಲಿ ನಿಂತು ನೋಡಿದರೆ ಮೂರೂ ಒಂದೇ ವಿಷಯ. ಎರಡು ವಾರಕ್ಕೆ ಇನ್ನೊಂದು 1600 ಇದ್ದಿದ್ದರೆ ನಾನು ಕೆಂಪಿಯನ್ನು ನಿಲ್ಲಿಸುತ್ತಿದ್ದೆ. ಹಿಂದಿನ ಬಹುಮಾನದ ಹಣದಲ್ಲಿ ಮೂರು ತಿಂಗಳ ಖರ್ಚು ನಡೆಯುವಂತಿದ್ದರೂ ನಿಲ್ಲಿಸುತ್ತಿದ್ದೆ. ಕಾಯಲು ಧೈರ್ಯ ಕೊಡುವುದು ಇವೆರಡೇ.

ಹಣದ ಮಾತಿಗೆ ಬಂದರೆ, ಡರ್ಬಿಯ ಬಹುಮಾನ ಪೇಪರಿನಲ್ಲಿ ಬರುತ್ತದೆ. ಮುಂಬೈ ಮಹಾಲಕ್ಷ್ಮಿಯ ಇಂಡಿಯನ್ ಡರ್ಬಿಯಾಗಲಿ, ಜುಲೈನ ಬೆಂಗಳೂರು ಡರ್ಬಿಯಾಗಲಿ, ನಾನೂ ಆಸೆಪಡುವ ರೇಸುಗಳೇ. ಆದರೆ ಡರ್ಬಿ ಒಂದೇ ವಯಸ್ಸಿನ ಕುದುರೆಗಳ ರೇಸು, ಅದಕ್ಕೆ ಕುದುರೆಯ ಬದುಕಿನಲ್ಲಿ ಒಂದೇ ಅವಕಾಶ. ಜನವರಿ 1ಕ್ಕೆ ಎಲ್ಲಾ ರೇಸ್ ಕುದುರೆಗಳಿಗೂ ಒಂದು ವರ್ಷ ಕೂಡಿಕೊಳ್ಳುತ್ತದೆ, ವಯಸ್ಸು ದಾಟಿದರೆ ಮುಗಿಯಿತು. ನನ್ನ ಲಾಯದ ಮುಕ್ಕಾಲು ಪಾಲು ಕುದುರೆಗಳು ಡರ್ಬಿ ನೋಡುವುದಿಲ್ಲ. ಅವು 00ರಿಂದ 25, 20ರಿಂದ 45 ರೇಟಿಂಗಿನ ರೇಸುಗಳಲ್ಲೇ ವರ್ಷಗಟ್ಟಲೆ ಓಡುತ್ತವೆ. ಸೈಸ್‌ಗಳ, ರೈಡಿಂಗ್ ಬಾಯ್‌ಗಳ, ಜಮೇದಾರರ, ಲಾಳ ಕಟ್ಟುವವರ ಮನೆ ನಡೆಯುವುದು ಈ ಕುದುರೆಗಳಿಂದ. ಹಣ ಏರಿಸುವ ಮಾತು ಬಂದಾಗ ಮೇಲಿನ ರೇಸಿನ ಮೊದಲ ಬಹುಮಾನಕ್ಕಿಂತ ಕೆಳಗಿನ ರೇಸಿನ ಮೂರು, ನಾಲ್ಕು, ಐದನೇ ಸ್ಥಾನಕ್ಕೆ ಕೊಡಿ ಅಂತ ನಾನು ಹೇಳುತ್ತಲೇ ಬಂದಿದ್ದೇನೆ. ಗೆಲ್ಲುವುದು ಒಂದೇ ಕುದುರೆ. ಉಳಿದವುಗಳ ಮಾಲೀಕರೂ ಮುಂದಿನ ತಿಂಗಳು ಬಿಲ್ಲು ಕಟ್ಟಬೇಕು, ಅಲ್ವಾ?

ಈ ಹಣ ಬಹುಪಾಲು ಬರುವುದು ಪಂತದ ವಹಿವಾಟಿನಿಂದ, ಟೋಟ್ (ಕ್ಲಬ್ಬೇ ನಡೆಸುವ ಪಂತದ ವ್ಯವಸ್ಥೆ) ಕಮಿಷನ್ನು ಮತ್ತು ಬುಕ್ಕಿಗಳು ಕಟ್ಟುವ ಶುಲ್ಕದಿಂದ. 2023ರ ಅಕ್ಟೋಬರ್ 1ರಿಂದ ಪಂತದ ಪೂರ್ತಿ ಮೊತ್ತದ ಮೇಲೆ 28 ಪರ್ಸೆಂಟ್ ಜಿಎಸ್‌ಟಿ ಬಂತು. 2025ರ ಸೆಪ್ಟೆಂಬರ್ 22ರಿಂದ ಅದು 40. ತೆರಿಗೆ ಕಟ್ಟಬಾರದು ಅಂತ ನಾನು ಹೇಳುತ್ತಿಲ್ಲ. ಕ್ಲಬ್ಬಿನ ಕಮಿಷನ್ ಮೇಲೆ ಹಾಕುವುದಕ್ಕೂ ಪಂತದ ಪೂರ್ತಿ ದುಡ್ಡಿನ ಮೇಲೆ ಹಾಕುವುದಕ್ಕೂ ಬಹಳ ವ್ಯತ್ಯಾಸ ಇದೆ. ಗೆದ್ದವನ ಕೈಗೆ ಬರುವುದು ಕಡಿಮೆಯಾದರೆ ಅವನು ಟೋಟ್ ಕಿಟಕಿ ಬಿಟ್ಟು ಲೆಕ್ಕಕ್ಕೆ ಸಿಗದ ಕಡೆ ಹೋಗುತ್ತಾನೆ. ಅಲ್ಲಿಂದ ಸರ್ಕಾರಕ್ಕೂ ಏನೂ ಬರಲ್ಲ, ಕುದುರೆಗೂ ಏನೂ ಬರಲ್ಲ.

ವೇಳಾಪಟ್ಟಿ ಮಾಡುವವರ ಕಷ್ಟವೂ ನನಗೆ ಅರ್ಥವಾಗುತ್ತದೆ. ಹದಿನಾಲ್ಕು ಕುದುರೆ ಓಡುವ 1200ರ ರೇಸಿಗೆ ಪಂತ ಜಾಸ್ತಿ ಬೀಳುತ್ತದೆ. ಆರು ಕುದುರೆಯ 1800ಕ್ಕೆ ಬೀಳುವುದಿಲ್ಲ. ಅದಕ್ಕೇ 1200ರ ಒಂದೇ ರೇಸನ್ನು ಎರಡು ಮೂರು ಡಿವಿಷನ್ ಮಾಡಿ ಓಡಿಸುತ್ತಾರೆ, 1800 ರದ್ದಾಗುತ್ತದೆ. ಆದರೆ ಹೀಗೇ ಮಾಡುತ್ತಾ ಹೋದರೆ ದೂರ ಓಡುವ ಕುದುರೆಯನ್ನು ಯಾರೂ ಕೊಳ್ಳುವುದಿಲ್ಲ, ಮುಂದೆ 2000 ಮೀಟರಿನ ಡರ್ಬಿಗೂ ತಕ್ಕ ಕುದುರೆ ಸಿಗುವುದಿಲ್ಲ. ಆರೇ ಕುದುರೆ ಬಂದರೂ ಆ ರೇಸು ನಡೆಸಿ. ಮೇ, ಜೂನ್‌ನಲ್ಲಿ ದೂರದ ರೇಸುಗಳನ್ನು ಕಾರ್ಡಿನ ಮೊದಲ ಭಾಗಕ್ಕೆ ತನ್ನಿ, ಮಳೆ ಬರುವ ಮುಂಚೆ ಮುಗಿಯಲಿ. ಮಳೆ ಬಂದ ಮೇಲೆ ಇನ್ನೊಂದು ಸಲ ನೆಲ ಅಳೆದು ಹೇಳಿ. ಅಂಕಿ ಇಷ್ಟಕ್ಕಿಂತ ಹೆಚ್ಚು ಬದಲಾದರೆ ಟ್ರೇನರ್ ದಂಡದ ಭಯವಿಲ್ಲದೆ ಕುದುರೆ ಹಿಂದಕ್ಕೆ ತೆಗೆಯಬಹುದು ಅಂತ ನಿಯಮ ಮಾಡಿ. ಪಂತ ಕಟ್ಟಿದವರಿಗೆ ದುಡ್ಡು ವಾಪಸ್ ಕೊಡಬೇಕಾಗುತ್ತದೆ, ನಿಜ. ಅದು ಕುದುರೆಯ ಒಂದು ಕಾಲಿಗಿಂತ ಅಗ್ಗ.

ಆಗಸ್ಟ್ ಹೊತ್ತಿಗೆ ನಮ್ಮ ರೇಸು ಮೈಸೂರಿಗೆ ಹೋಗುತ್ತದೆ, ದಸರಾ ದಾಟುವವರೆಗೆ ಚಾಮುಂಡಿ ಬೆಟ್ಟದ ಬುಡದಲ್ಲೇ ಕೆಲಸ. ಆ ಪ್ರಯಾಣ ಮೂರು ನಾಲ್ಕು ಗಂಟೆ, ಕುದುರೆಗೆ ಹೆಚ್ಚು ತೊಂದರೆ ಇಲ್ಲ. ಪುಣೆ, ಮುಂಬೈ ಅಂದರೆ ಹೆಚ್ಚುಕಮ್ಮಿ ಒಂದು ದಿನ. ವ್ಯಾನಿನಲ್ಲಿ ಬಹಳ ಹೊತ್ತು ತಲೆ ಎತ್ತಿ ಕಟ್ಟಿದರೆ ಕುದುರೆಯ ಶ್ವಾಸಕೋಶಕ್ಕೆ ಸೋಂಕು ತಗುಲಬಹುದು. ದಾರಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಲೆ ತಗ್ಗಿಸಲು ಬಿಡಬೇಕು. ಇದನ್ನು ಮಾಡದೆ ಕುದುರೆ ಸಾಗಿಸುವವರು ಇನ್ನೂ ಇದ್ದಾರೆ ಅನ್ನೋದು ಬೇಸರದ ಸಂಗತಿ.

ಮತ್ತೆ ನನ್ನ ಗೆಲ್ಡಿಂಗ್ ವಿಷಯ. ಈ ವಾರ ಪ್ರತಿ ಸಂಜೆ ಮಳೆ ಇದೆ. ಒದ್ದೆ ನೆಲದಲ್ಲಿ 58.5 ಕಿಲೋ ಹೊರಿಸುವುದು ನನಗೆ ಇಷ್ಟವಿಲ್ಲ. ನಿನ್ನೆ ಒಳ ಮರಳು ಟ್ರ್ಯಾಕಿನಲ್ಲಿ 1000 ಮೀಟರ್ ಓಡಿ ಬಂದ ಮೇಲೆ ಕೂಡ ಅದರ ಉಸಿರು ಬೇಗ ಇಳಿಯಿತು, 1400 ಅದಕ್ಕೆ ಭಾರವಲ್ಲ. ಇವತ್ತು ಬೆಳಿಗ್ಗೆ ಚಾಚಾ ನಾಲ್ಕೂ ಕಾಲಿನ ಮೇಲೆ ಕೈ ಇಳಿಸಿ ನೋಡಿ, “ತಣ್ಣಗಿದೆ ಸಾರ್,” ಅಂದರು. ಮಾಲೀಕರಿಗೆ ಫೋನ್ ಮಾಡಿ ಇನ್ನೊಂದು ವಾರ ಕಾಯೋಣ ಅಂದೆ. ಒಪ್ಪಿದರು. 40-65ಕ್ಕೆ ಎಂಟ್ರಿ ಬರೆದು ಕೊಟ್ಟು ಬಂದಿದ್ದೇನೆ. ಆ ದಿನ ನಾಲ್ಕು ಗಂಟೆಗೆ ಮಳೆ ಬಂದರೆ ಈ ಸಲ ಸ್ಟುವರ್ಡ್‌ಗಳ ಬಾಗಿಲು ತಟ್ಟುತ್ತೇನೆ.